ಎರೆಹುಳು ಸಾಯೂದಿಲ್ಲ ಖರೆ, ಹಂಗಂತ ಗೊಬ್ಬರ ಚೊಕ್ಕ ಅಲ್ಲ

ತಿಪ್ಪೆ ಅಗೆಯುವಾಗ ಸಲಿಕೆ ತುಂಬ ಎರೆಹುಳು ಬಂದವೆಂದರೆ ನಮ್ಮ ಕಡೆ ಬೇರೆ ಪರೀಕ್ಷೆ ಬೇಕಿಲ್ಲ. ‘ಹುಳ ಅದಾವಂದ್ರ ಗೊಬ್ಬರ ಚೊಲೋ ಐತಿ’ ಎನ್ನುತ್ತೇವೆ. ಹಸಿ ಗೊಬ್ಬರದ ಬಿಸಿ, ಉಪ್ಪು, ಕೀಟನಾಶಕ ಇವುಗಳ ಮಟ್ಟಿಗೆ ಈ ಮಾತು ಬಹಳಷ್ಟು ಸರಿ. ಇವು ಹೆಚ್ಚಾದರೆ ಹುಳ ಸಾಯುತ್ತದೆ, ಇಲ್ಲವೆ ಜಾಗ ಬಿಟ್ಟು ಓಡುತ್ತದೆ. ಆದರೆ ಒಂದು ವಸ್ತುವಿನ ವಿಷಯದಲ್ಲಿ ಹುಳ ಕೊಡುವ ಸರ್ಟಿಫಿಕೇಟ್ ನಂಬುವಂತಿಲ್ಲ. ಅದು ದನಕ್ಕೆ, ಕೋಳಿಗೆ ಕೊಡುವ ಆಂಟಿಬಯಾಟಿಕ್ ಔಷಧಿ. ಈ ಔಷಧಿ ಗೊಬ್ಬರದಲ್ಲಿದ್ದರೂ ಹುಳ ಬದುಕಿರುತ್ತದೆ, ಮರಿಯನ್ನೂ ಮಾಡುತ್ತದೆ. ಒಳಗೆ ಮಾತ್ರ ಬೇರೆಯೇ ಕೆಲಸ ನಡೆದಿರುತ್ತದೆ.

ಧಾರವಾಡದ ಪೂರ್ವಕ್ಕೆ ಹೆಬ್ಬಳ್ಳಿ ಸುತ್ತಲಿನದು ಎರೆ ಹೊಲ. ಮುಂಗಾರಿಗೆ ಹೆಸರು, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ. ಮನೆಯಲ್ಲಿ ಎತ್ತು ಕಡಿಮೆಯಾದಂತೆ ಸ್ವಂತ ತಿಪ್ಪೆಯೂ ಸಣ್ಣದಾಗುತ್ತ ಬಂದಿದೆ. ಕಡಿಮೆ ಬಿದ್ದದ್ದನ್ನು ಕೊಂಡು ತರಬೇಕು: ಊರಿನ ಹೈನಿನವರ ಹೆಂಡಿ, ಇಲ್ಲವೆ ಫಾರ್ಮಿನ ಕೋಳಿ ಗೊಬ್ಬರ. ಟ್ರೇಲರ್ ಲೆಕ್ಕದಲ್ಲಿ ದರ ಕೇಳುತ್ತೇವೆ, ಒಣಗಿದೆಯೋ ಹಸಿಯಿದೆಯೋ ನೋಡುತ್ತೇವೆ. ‘ಈ ದನಕ್ಕ ಯಾವ ಸೂಜಿ ಮಾಡಿಸಿದ್ರಿ?’ ಎಂದು ಕೇಳುವವರು ಎಷ್ಟು ಮಂದಿ?

ಔಷಧಿ ಹೆಂಡಿಗೆ ಬರುವ ದಾರಿ

ದನಕ್ಕೆ ಕೊಟ್ಟ ಆಂಟಿಬಯಾಟಿಕ್ ಮೈಯಲ್ಲಿ ಪೂರ್ತಿ ಕರಗಿ ಹೋಗುವುದಿಲ್ಲ. ಔಷಧಿ ಯಾವುದು ಎಂಬುದರ ಮೇಲೆ, ಕೊಟ್ಟದ್ದರಲ್ಲಿ ಮೂರನೇ ಒಂದು ಪಾಲಿನಿಂದ ಹಿಡಿದು ಮುಕ್ಕಾಲಿಗಿಂತ ಹೆಚ್ಚು ಭಾಗ ಹೆಂಡಿ-ಗಂಜಲದ ಕೂಡ ಹೊರಗೆ ಬರಬಹುದು. ಅದೂ ಸತ್ತುಹೋಗಿ ಅಲ್ಲ, ಇನ್ನೂ ಕೆಲಸ ಮಾಡುವ ಸ್ಥಿತಿಯಲ್ಲಿ.

ಒಂದು ಲೆಕ್ಕ ಹಾಕೋಣ. 400 ಕಿಲೋ ತೂಕದ ಎಮ್ಮೆಗೆ ಕಿಲೋಕ್ಕೆ 10 ಮಿಲಿಗ್ರಾಂನಂತೆ ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟರೆ ದಿನಕ್ಕೆ 4 ಗ್ರಾಂ, ಮೂರು ದಿನಕ್ಕೆ 12 ಗ್ರಾಂ. ಅರ್ಧ ಹೊರಬಂತು ಎಂದು ಹಿಡಿಯಿರಿ, 6 ಗ್ರಾಂ ಆಯಿತು. ಇದು ಒಂದು ಟನ್ ಗೊಬ್ಬರದಲ್ಲಿ ಬೆರೆತರೆ ಕಿಲೋಕ್ಕೆ 6 ಮಿಲಿಗ್ರಾಂ. ಅದೇ ಗೊಬ್ಬರ ಒಂದು ಎಕರೆಯಲ್ಲಿ ಹರಡಿದಾಗ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 9 ಲಕ್ಷ ಕಿಲೋ ಇರುತ್ತದೆ. ಔಷಧಿ ತೀರ ತೆಳುವಾಗಿ ಹೋಗುತ್ತದೆ. ಆದ್ದರಿಂದ ಒಂದು ಎಮ್ಮೆಗೆ ಒಂದು ಸಲ ಸೂಜಿ ಮಾಡಿಸಿದ್ದಕ್ಕೆ ಹೊಲ ಕೆಟ್ಟಿತು ಎಂದು ಯಾರೂ ಹೆದರಬೇಕಿಲ್ಲ. ತೊಂದರೆ ಇರುವುದು ಎರಡು ಕಡೆ. ಒಂದು, ಔಷಧಿ ದಟ್ಟವಾಗಿರುವ ತಿಪ್ಪೆಯಲ್ಲಿ ಮತ್ತು ಎರೆಹುಳು ತೊಟ್ಟಿಯಲ್ಲಿ. ಎರಡು, ವರ್ಷವರ್ಷವೂ ಅಂಥದೇ ಗೊಬ್ಬರ ಬೀಳುವ ತರಕಾರಿ ಹೊಲದಲ್ಲಿ.

ಕೋಳಿ ಫಾರ್ಮಿನ ರೀತಿ ಬೇರೆ. ಅಲ್ಲಿ ಒಂದು ಕೋಳಿಗೆ ಔಷಧಿ ಕೊಡುವುದಿಲ್ಲ. ನೀರಿನಲ್ಲೋ ಮೇವಿನಲ್ಲೋ ಬೆರೆಸಿ ಇಡೀ ಶೆಡ್ಡಿಗೇ ಕೊಡುತ್ತಾರೆ. ಬ್ಯಾಚ್ ಮುಗಿಯುವ ತನಕ ಹಿಕ್ಕೆ ಬೀಳುವುದು ಅದೇ ಹೊಟ್ಟಿನ ಮೇಲೆ. ಬ್ಯಾಚ್ ಹೋದ ಮರುದಿನ ಅದೇ ಹೊಟ್ಟು ನಮ್ಮ ಟ್ರೇಲರ್ ಏರುತ್ತದೆ.

ಮೂರನೆಯ ದಾರಿ ನಮ್ಮ ಮನೆಯಲ್ಲೇ ಇದೆ. ಕೆಚ್ಚಲು ಬಾವು ಬಂದ ಎಮ್ಮೆಗೆ ಮೊಲೆತೊಟ್ಟಿನೊಳಗೆ ಔಷಧಿಯ ಟ್ಯೂಬ್ ಏರಿಸುತ್ತಾರೆ. ಆ ಹಾಲು ಡೇರಿಗೆ ಹಾಕುವಂತಿಲ್ಲ, ಮನೆಗೂ ಬಳಸುವಂತಿಲ್ಲ. ಹಾಗಾದರೆ ಎಲ್ಲಿ ಹೋಗುತ್ತದೆ? ಬಹಳ ಮನೆಗಳಲ್ಲಿ ಸೀದಾ ತಿಪ್ಪೆಗೆ. ಹೆಂಡಿಗಿಂತ ಈ ಹಾಲಿನಲ್ಲಿ ಔಷಧಿ ಹೆಚ್ಚು ದಟ್ಟವಾಗಿರುತ್ತದೆ. ಧಾರವಾಡ ಹಾಲಿನ ಸೀಮೆ. ಇಲ್ಲಿಯ ಧಾರವಾಡಿ ಎಮ್ಮೆ 2021ರಲ್ಲಿ ಪ್ರತ್ಯೇಕ ತಳಿ ಎಂದು ರಾಷ್ಟ್ರಮಟ್ಟದಲ್ಲಿ ನೋಂದಣಿಯಾಯಿತು. ಪೇಢೆ ಅಂತೂ ಎಲ್ಲರಿಗೂ ಗೊತ್ತು. ಎಮ್ಮೆ ಇದ್ದಲ್ಲಿ ಕೆಚ್ಚಲು ಬಾವೂ ಇರುವುದೇ. ಆದ್ದರಿಂದ ಇದು ನಮ್ಮ ಪ್ರಶ್ನೆ.

ಹುಳ ಯಾಕೆ ಸಾಯುವುದಿಲ್ಲ?

ಆಂಟಿಬಯಾಟಿಕ್ ಹುಟ್ಟಿದ್ದು ಬ್ಯಾಕ್ಟೀರಿಯಾ ಕೊಲ್ಲಲಿಕ್ಕೆ, ಹುಳ ಕೊಲ್ಲಲಿಕ್ಕೆ ಅಲ್ಲ. ಡೆನ್ಮಾರ್ಕಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರೆಹುಳು ಮತ್ತು ಮಣ್ಣಿನ ಇತರ ಸಣ್ಣ ಜೀವಿಗಳಿಗೆ ಆಕ್ಸಿಟೆಟ್ರಾಸೈಕ್ಲಿನ್, ಟೈಲೋಸಿನ್ ಎಂಬ ಎರಡು ಔಷಧಿ ಬೆರೆಸಿದ ಮಣ್ಣು ಕೊಟ್ಟು ನೋಡಿದರು. ಕಿಲೋ ಮಣ್ಣಿಗೆ 3000 ಮಿಲಿಗ್ರಾಂ ಮುಟ್ಟುವ ತನಕ ಯಾವ ಪರಿಣಾಮವೂ ಕಾಣಲಿಲ್ಲ. ಹಲವು ಸಲ 5000ಕ್ಕೂ ಏನೂ ಆಗಲಿಲ್ಲ.

ಇನ್ನು ಹೊಲದ ಮಣ್ಣಿನಲ್ಲಿ ನಿಜವಾಗಿ ಎಷ್ಟು ಇರುತ್ತದೆ? ಜರ್ಮನಿಯಲ್ಲಿ ಹಂದಿ-ದನಗಳ ಸ್ಲರಿ ಹಾಕುತ್ತ ಬಂದ ಹೊಲಗಳ ಮಣ್ಣು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಿಲೋ ಮಣ್ಣಿಗೆ ಸುಮಾರು 0.2 ಮಿಲಿಗ್ರಾಂ ತನಕ ಟೆಟ್ರಾಸೈಕ್ಲಿನ್ ಸಿಕ್ಕಿತ್ತು. ಎರಡೂ ಅಂಕಿ ಬಾಜೂಕ್ಕಿಟ್ಟು ನೋಡ್ರಿ: 0.2 ಎಲ್ಲಿ, 3000 ಎಲ್ಲಿ! ಹದಿನೈದು ಸಾವಿರ ಪಟ್ಟಿನ ಅಂತರ. ಹೀಗಾಗಿ ಗೊಬ್ಬರದಲ್ಲಿರುವ ಆಂಟಿಬಯಾಟಿಕ್‌ನಿಂದ ಎರೆಹುಳು ಸತ್ತು ಬೀಳುವುದನ್ನು ನಾವು ಕಾಣಲಾರೆವು. ಯಾರಾದರೂ ‘ಔಷಧಿ ಇದ್ದರೆ ಹುಳ ಸಾಯಬೇಕಿತ್ತಲ್ಲ’ ಎಂದರೆ ಉತ್ತರ ಇದೇ: ಅಷ್ಟಕ್ಕೆ ಅದು ಸಾಯುವುದಿಲ್ಲ.

ಪೆಟ್ಟು ಬೀಳುವುದು ಕರುಳಿಗೆ

ಎರೆಹುಳಕ್ಕೆ ಹಲ್ಲಿಲ್ಲ, ಶ್ವಾಸಕೋಶವಿಲ್ಲ. ಒದ್ದೆ ಚರ್ಮದಿಂದ ಉಸಿರಾಡುತ್ತದೆ. ನೀರಿನಲ್ಲಿ ಕರಗಿದ್ದು ಚರ್ಮದಿಂದಲೂ ಒಳಗೆ ಹೋಗುತ್ತದೆ, ಬಾಯಿಂದಲೂ ಹೋಗುತ್ತದೆ. ತಿಂದ ಕಸಕಡ್ಡಿಯನ್ನು ಅದರ ಹೊಟ್ಟೆಯೊಳಗಿನ ಬೀಸುಕಲ್ಲು ಅರೆಯುತ್ತದೆ. ಅರೆದದ್ದನ್ನು ಜೀರ್ಣ ಮಾಡುವ ದೊಡ್ಡ ಪಾಲಿನ ಕೆಲಸ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳದು. ಕರುಳಿನೊಳಗೆ ಗಾಳಿ ಕಡಿಮೆ, ನೀರು ಮತ್ತು ಅಂಟು ಹೆಚ್ಚು. ಮಣ್ಣಿನಲ್ಲಿ ಮಲಗಿದ್ದ ಎಷ್ಟೋ ಸೂಕ್ಷ್ಮಜೀವಿಗಳು ಅಲ್ಲಿ ಎದ್ದು ಕೂಡುತ್ತವೆ. ಹಿಕ್ಕೆಯಾಗಿ ಹೊರಬಂದಾಗ ಅದರಲ್ಲಿ ಸುತ್ತಲಿನ ಮಣ್ಣಿಗಿಂತ ಹೆಚ್ಚು ಜೀವ ಇರುವುದು ಇದಕ್ಕೇ. ಎರೆಗೊಬ್ಬರದ ಬೆಲೆ ಅಂದರೆ ಈ ಜೀವದ ಬೆಲೆ.

ಆಂಟಿಬಯಾಟಿಕ್ ಹೋಗಿ ಕೂಡುವುದು ಅಲ್ಲೇ. ಔಷಧಿಗೆ ಸಾಯುವಂಥವು ಕಡಿಮೆಯಾಗುತ್ತವೆ, ತಡೆದುಕೊಳ್ಳುವಂಥವು ಉಳಿದು ಹೆಚ್ಚುತ್ತವೆ. ಹೊರಗಿನಿಂದ ನೋಡಿದರೆ ಹುಳ ದಪ್ಪಗೆ, ಕೆಂಪಗೆ ಇರುತ್ತದೆ. ಒಳಗಿನ ಮಂದಿ ಬದಲಾಗಿರುತ್ತಾರೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಬೆರೆಸಿದ ಮಣ್ಣಿನಲ್ಲಿಟ್ಟ ಐಸೀನಿಯಾ ಫೆಟಿಡಾ ಹುಳಗಳ ಜೀವಕೋಶದ ಡಿಎನ್‌ಎಗೆ ಪೆಟ್ಟು ಬಿದ್ದದ್ದನ್ನೂ ಚೀನಾದ ಸಂಶೋಧಕರು 2012ರಲ್ಲಿ ವರದಿ ಮಾಡಿದ್ದಾರೆ. ಐಸೀನಿಯಾ ಅಂದರೆ ನಮ್ಮ ಎರೆಗೊಬ್ಬರದ ತೊಟ್ಟಿಗಳಲ್ಲಿರುವ ಅದೇ ಕೆಂಪು ಹುಳ.

ಆದರೆ ಹುಳವನ್ನೇ ಅಪರಾಧಿ ಮಾಡಬಾರದು. ಚೀನಾದ ಹಲವು ಪ್ರಾಂತಗಳ ಮಣ್ಣು ಮತ್ತು ಹುಳಗಳನ್ನು ಹೋಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿಗೆ ಬಗ್ಗದ ಗುಣ ಕೊಡುವ ಜೀನ್‌ಗಳು ಸುತ್ತಲಿನ ಮಣ್ಣಿಗಿಂತ ಹುಳದ ಕರುಳಿನಲ್ಲಿ ಕಡಿಮೆ ಇದ್ದವು. ಅಂದರೆ ಹುಳ ಮಣ್ಣನ್ನು ತಿಂದು ಈ ಕಸವನ್ನೂ ತಕ್ಕಮಟ್ಟಿಗೆ ಚೊಕ್ಕ ಮಾಡುತ್ತದೆ. ಅದಕ್ಕೆ ಆ ಕೆಲಸ ಮಾಡಲು ಬಿಡಬೇಕು. ಮ್ಯಾಲಿಂದ ಮ್ಯಾಲೆ ಔಷಧಿ ಸುರಿಯುತ್ತ ಹೋದರೆ ಅದಾದರೂ ಎಷ್ಟು ತೊಳೆದೀತು?

ಎರೆಮಣ್ಣಿನ ಗುಣ

ದವಾಖಾನೆಯಲ್ಲಿ ಟೆಟ್ರಾಸೈಕ್ಲಿನ್ ಗುಳಿಗೆ ಕೊಟ್ಟಾಗ ‘ಹಾಲಿನ ಕೂಡ ತಗೋಬ್ಯಾಡ್ರಿ’ ಎಂದು ಹೇಳುತ್ತಾರೆ. ಹಾಲಿನಲ್ಲಿರುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಗುಳಿಗೆಯನ್ನು ಹಿಡಿದುಕೊಳ್ಳುತ್ತದೆ. ಔಷಧಿ ಮೈಗೆ ಹತ್ತುವುದಿಲ್ಲ. ನಮ್ಮ ಎರೆ ಹೊಲದಲ್ಲಿ ಸುಣ್ಣದ ಹರಳೂ ಉಂಟು, ಜಿಗುಟು ಮಣ್ಣೂ ಉಂಟು. ಎರಡೂ ಸೇರಿ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಯನ್ನು ಗಟ್ಟಿಯಾಗಿ ಹಿಡಿಯುತ್ತವೆ.

ಇದರಿಂದ ಒಂದು ಲಾಭ: ಹಿಡಿದಿಟ್ಟ ಔಷಧಿಯ ಹರಿತ ಕಡಿಮೆಯಾಗುತ್ತದೆ, ಬಾವಿ ನೀರಿಗೆ ಬೇಗ ಇಳಿಯುವುದಿಲ್ಲ. ಒಂದು ನಷ್ಟ: ಬೇಗ ಕೊಳೆತು ಹೋಗುವುದೂ ಇಲ್ಲ, ವಾರಗಟ್ಟಲೆ ತಿಂಗಳಗಟ್ಟಲೆ ಮಣ್ಣಿನಲ್ಲೇ ಕೂಡುತ್ತದೆ. ಎನ್ರೋಫ್ಲಾಕ್ಸಾಸಿನ್ ಕೂಡ ಹೀಗೇ ಅಂಟಿಕೊಂಡು ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಸಲ್ಫಾ ಗುಂಪಿನವು ಮಣ್ಣಿಗೆ ಅಷ್ಟು ಅಂಟುವುದಿಲ್ಲ, ನೀರಿನ ಕೂಡ ಹರಿದು ಹೋಗುತ್ತವೆ. ಪೆನ್ಸಿಲಿನ್, ಅಮಾಕ್ಸಿಸಿಲಿನ್‌ನಂಥವು ಹೆಂಡಿಯಲ್ಲೇ ಬೇಗ ಒಡೆದು ಹೋಗುತ್ತವೆ. ಆದ್ದರಿಂದ ‘ಸೂಜಿ ಮಾಡಿಸಿದ್ದಾರೆ’ ಎಂದರೆ ಸಾಲದು, ಯಾವ ಸೂಜಿ ಎಂಬುದೂ ಗೊತ್ತಿರಬೇಕು.

ಎರೆ ಹೊಲದಲ್ಲಿ ನಾಡಹುಳ ಬೇಸಿಗೆಗೆ ಆಳಕ್ಕಿಳಿದು ಸುರುಳಿ ಸುತ್ತಿ ಮಲಗುತ್ತದೆ. ಮಳೆಯಾದ ಮೇಲೆ ಮೇಲೆ ಬರುತ್ತದೆ. ನಾವು ಗೊಬ್ಬರ ಹೇರುವುದು ಮುಂಗಾರಿಗೆ ಮೊದಲು. ಹಸಿ ಗೊಬ್ಬರವಾದರೆ, ಹುಳ ಎದ್ದು ಬಂದು ಮೊದಲು ಬಾಯಿ ಹಾಕುವುದು ಅದಕ್ಕೇ.

ಔಷಧಿ ಮಣ್ಣಿನಿಂದಲೇ ಬಂದದ್ದಲ್ಲವೇ?

ಓದಿದ ಹುಡುಗರು ಈ ಪ್ರಶ್ನೆ ಕೇಳುತ್ತಾರೆ, ಕೇಳುವಂಥದೇ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ, ಅಮೇರಿಕದ ನ್ಯೂಜರ್ಸಿಯಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದ ಆಲ್ಬರ್ಟ್ ಶಾಟ್ಜ್. ಅದನ್ನು ಮಾಡುವ ಸೂಕ್ಷ್ಮಜೀವಿ ಸಿಕ್ಕಿದ್ದು ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ ಮತ್ತು ಒಂದು ಕೋಳಿಯ ಗಂಟಲಿನಲ್ಲಿ. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಆರಿಯೋಮೈಸಿನ್ ಕೂಡ ಮಣ್ಣಿನ ಸೂಕ್ಷ್ಮಜೀವಿಯದೇ. ಅದು ಸಿಕ್ಕಿದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಗೆ ಆಗ ಮುಖ್ಯಸ್ಥರಾಗಿದ್ದವರು ನಮ್ಮ ಪಕ್ಕದ ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಮಣ್ಣಿನಲ್ಲಿ ಸೂಕ್ಷ್ಮಜೀವಿ ಇದನ್ನು ಮಾಡುವುದು ಕಣದಷ್ಟು, ತನ್ನ ಸುತ್ತ ಕೂದಲೆಳೆಯಷ್ಟು ಜಾಗಕ್ಕೆ. ಆ ಕಣಕ್ಕೂ ಕಾರ್ಖಾನೆಯಲ್ಲಿ ಮಾಡಿ ಶೆಡ್ಡಿಗೆ ಸುರಿದದ್ದಕ್ಕೂ ಹೋಲಿಕೆ ಇಲ್ಲ. ಊಟಕ್ಕೆ ಉಪ್ಪು ಬೇಕು ಎಂದು ಹೊಲಕ್ಕೆ ಉಪ್ಪಿನ ಚೀಲ ಸುರುವುತ್ತೇವೇನು?

ಎಲೆಗೆ ಹೊಡೆಯುವ ಔಷಧಿ

ಗೊಬ್ಬರ ಬಿಟ್ಟರೆ ಇನ್ನೊಂದು ದಾರಿ ಸ್ಪ್ರೇ ಪಂಪು. ಸ್ಟ್ರೆಪ್ಟೊಮೈಸಿನ್ ಒಂಬತ್ತು ಪಾಲು, ಟೆಟ್ರಾಸೈಕ್ಲಿನ್ ಒಂದು ಪಾಲು ಇರುವ ಸಣ್ಣ ಪ್ಯಾಕೆಟ್ಟು ನಮ್ಮ ರೈತರಿಗೆ ಹೊಸದಲ್ಲ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ದಾಳಿಂಬೆ ತೋಟಗಳಲ್ಲಿ ದುಂಡಾಣು ಅಂಗಮಾರಿ ಬಂದಾಗ ಇದನ್ನು ಮತ್ತೆ ಮತ್ತೆ ಹೊಡೆದರು. ಹತ್ತಿಗೆ, ಮೆಣಸಿನಕಾಯಿಗೂ ಬಳಸಿದರು. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯರೋಗದ ಔಷಧಿ. ಎಲೆಯಿಂದ ತೊಟ್ಟಿಕ್ಕಿದ್ದು ಬೀಳುವುದು ಗಿಡದ ಬುಡಕ್ಕೆ, ಹುಳ ಓಡಾಡುವಲ್ಲಿಗೇ. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಈ ಮಿಶ್ರಣವನ್ನು ಬೇಸಾಯದಲ್ಲಿ ನಿಷೇಧಿಸುವ ಕರಡು ಆದೇಶ ಹೊರಡಿಸಿತು. 2024ರ ಜನವರಿ 1ರಿಂದ ಬಳಕೆ ಪೂರ್ತಿ ನಿಲ್ಲಬೇಕೆಂಬುದು ಅದರಲ್ಲಿತ್ತು. ಅಂಗಡಿಯವರು ‘ಇದೊಂದು ಪುಡಿ ಕೂಡ ಹಾಕ್ರಿ’ ಎಂದರೆ ಬೇಡ ಎನ್ನಲು ಇಷ್ಟು ಕಾರಣ ಸಾಕು. ರೋಗವಿಲ್ಲದ ಸಸಿ ತರುವುದು, ರೋಗದ ಟೊಂಗೆ ಕತ್ತರಿಸಿ ಸುಡುವುದು, ಕತ್ತರಿ ತೊಳೆಯುವುದು, ಬೋರ್ಡೋ ದ್ರಾವಣ ಇವು ಇದ್ದೇ ಇವೆ.

ಹುಳ ಬದುಕಿದ್ದರೆ ನಮಗೇನು ನಷ್ಟ?

ನಷ್ಟ ತಿರುಗಿ ಬರುವುದು ಕೊಟ್ಟಿಗೆಗೆ. ಬ್ಯಾಕ್ಟೀರಿಯಾಗಳು ಔಷಧಿ ತಡೆಯುವ ವಿದ್ಯೆಯನ್ನು ಪಕ್ಕದವಕ್ಕೂ ದಾಟಿಸುತ್ತವೆ. ಹೆಂಡಿಯಲ್ಲಿ ಕಲಿತದ್ದು ಮಣ್ಣಿನದಕ್ಕೆ, ಮಣ್ಣಿನಿಂದ ಸೊಪ್ಪು-ತರಕಾರಿಗೆ, ಮೇವಿಗೆ, ನಮ್ಮ ಕೈಗೆ ಬರಬಹುದು. ಮುಂದೊಂದು ದಿನ ಎಮ್ಮೆಗೆ ಕೆಚ್ಚಲು ಬಾವು ಬಂದಾಗ ಮೂರು ದಿನ ಸೂಜಿ ಮಾಡಿಸಿದರೂ ಇಳಿಯುವುದಿಲ್ಲ. ಡಾಕ್ಟರು ಬೇರೆ ಔಷಧಿ ಬರೆಯುತ್ತಾರೆ, ಅದರ ದರ ಹೆಚ್ಚು. ಅಷ್ಟರಲ್ಲಿ ಒಂದು ಮೊಲೆ ಕೆಟ್ಟು ಹೋದರೆ ಎಮ್ಮೆಯ ಬೆಲೆಯೇ ಇಳಿಯಿತು. ಒಂದೆರಡು ಎಮ್ಮೆ ಕಟ್ಟಿದ ಸಣ್ಣ ರೈತನಿಗೆ ಇದು ವರ್ಷದ ಲೆಕ್ಕ ತಪ್ಪಿಸುವ ಹೊಡೆತ.

ಮನುಷ್ಯರ ಔಷಧಿಯೂ ಇದೇ ಸಾಲಿನಲ್ಲಿದೆ. ದನ-ಕೋಳಿಗೆ ಕೊಡುವ ಎನ್ರೋಫ್ಲಾಕ್ಸಾಸಿನ್ ಮೈಯೊಳಗೆ ಹೋಗಿ ಸಿಪ್ರೋಫ್ಲಾಕ್ಸಾಸಿನ್ ಆಗುತ್ತದೆ. ಅದು ನಮ್ಮ ದವಾಖಾನೆಯ ಔಷಧಿ. ಕೊಲಿಸ್ಟಿನ್ ಎಂಬುದು ಬೇರೆಲ್ಲ ಸೋತಾಗ ಆಸ್ಪತ್ರೆಯಲ್ಲಿ ಕೊಡುವ ಕೊನೆಯ ಔಷಧಿ. ಅದನ್ನು ಕೋಳಿ ಮೇವಿಗೂ ಹಾಕುತ್ತಿದ್ದರು. ಕೇಂದ್ರ ಸರಕಾರ 2019ರ ಜುಲೈನಲ್ಲಿ ಕೋಳಿ, ಮೀನು ಮತ್ತು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು.

ನಾವು ಮಾಡಬಹುದಾದದ್ದು

ಔಷಧಿ ಬೇಡ ಎನ್ನಲಾಗದು. ಜಡ್ಡು ಬಿದ್ದ ದನಕ್ಕೆ ಔಷಧಿ ಬೇಕೇ ಬೇಕು. ಮಾಡಬೇಕಾದ್ದು ಅದರ ದಾರಿ ತಪ್ಪಿಸುವ ಕೆಲಸ.

1. ಬೇರೆ ಗುಂಪಿ: ಔಷಧಿ ನಡೆದ ದಿನಗಳು ಮತ್ತು ನಂತರ ಒಂದು ವಾರ, ಆ ದನದ ಹೆಂಡಿಯನ್ನು ಬಾವಿಯಿಂದ ದೂರ ಬೇರೆ ಕಡೆ ಗುಂಪಿ ಹಾಕಿ. ಎರೆಹುಳು ತೊಟ್ಟಿಗೆ ಬೇಡ. ಆ ದನದ ಹೆಂಡಿ-ಗಂಜಲದಿಂದ ಜೀವಾಮೃತವನ್ನೂ ಮಾಡಬೇಡಿ. ಸೂಕ್ಷ್ಮಜೀವಿ ಬೆಳೆಸಲು ಇಟ್ಟ ಡ್ರಮ್ಮಿಗೆ ಸೂಕ್ಷ್ಮಜೀವಿ ಕೊಲ್ಲುವುದನ್ನೇ ಹಾಕಿದಂತೆ ಆಗುತ್ತದೆ. ಗೋಬರ್ ಗ್ಯಾಸಿಗೂ ಅಷ್ಟೇ, ಔಷಧಿ ಹೆಚ್ಚಾದರೆ ಗ್ಯಾಸ್ ಇಳಿಯಬಹುದು.

2. ಔಷಧಿಯ ಹಾಲು: ಕರುವಿಗೂ ಬೇಡ, ದೊಡ್ಡ ತಿಪ್ಪೆಗೂ ಬೇಡ, ಗಟಾರಿಗೂ ಬೇಡ. ಬೇರೆ ಹಾಕಿದ ಆ ಗುಂಪಿಗೇ ಒಣ ಹೊಟ್ಟು ಹರಡಿ ಸುರುವಿರಿ. ಹಾಲು ಎಷ್ಟು ದಿನ ಬಿಡಬೇಕೆಂಬುದು ಔಷಧಿಯ ಲೇಬಲ್ಲಿನ ಮೇಲೆ ಇರಬೇಕೆಂದು 2012ರಿಂದ ನಿಯಮವಿದೆ. ನಿರ್ದಿಷ್ಟ ಅವಧಿ ಗೊತ್ತಾಗಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ ಹಿಡಿಯಬೇಕು.

3. ಮೊದಲು ಬಿಸಿ, ಆಮೇಲೆ ಹುಳ: ಬೇರೆ ಹಾಕಿದ ಹೆಂಡಿಗೂ ಕೊಂಡು ತಂದ ಕೋಳಿ ಗೊಬ್ಬರಕ್ಕೂ ಇದು ಮುಖ್ಯ. ಸೋಯಾ ಹೊಟ್ಟು, ಜೋಳದ ದಂಟು, ಒಣ ಕಸ ಸೇರಿಸಿ ನಾಲ್ಕು ಅಡಿ ಎತ್ತರ ಗುಂಪಿ ಹಾಕಿ. ಅದಕ್ಕಿಂತ ಸಣ್ಣದಾದರೆ ಕಾಯುವುದಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಗುಂಪಿಯ ನಡುವೆ ಕಬ್ಬಿಣದ ಹಾರಿ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಕಾದಿದ್ದರೆ ಸರಿ. ಒಳಗೆ 55 ಡಿಗ್ರಿ ಮೀರಿರುವ ಗುರುತು ಅದು. ಎಂಟು-ಹತ್ತು ದಿನಕ್ಕೊಮ್ಮೆ ಮೂರು ಸಲ ತಿರುವಿ ಹಾಕಿ, ಎರಡು ತಿಂಗಳ ಮೇಲೆ ಬಳಸಿ. ಹೀಗೆ ಕಾದ ಗೊಬ್ಬರದಲ್ಲಿ ಟೆಟ್ರಾಸೈಕ್ಲಿನ್ ಗುಂಪಿನದು ಬಹುಪಾಲು ಇಳಿಯುತ್ತದೆ. ಎನ್ರೋಫ್ಲಾಕ್ಸಾಸಿನ್ ಮಾತ್ರ ಹಟಮಾರಿ. ಆ ಔಷಧಿಯ ಹೆಂಡಿಯನ್ನು ಇನ್ನೂ ತಡೆದು, ಹಸಿ ತಿನ್ನುವ ಸೊಪ್ಪು-ಗಜ್ಜರಿಯ ಹೊಲ ಬಿಟ್ಟು ಜೋಳ, ಹತ್ತಿಯ ಹೊಲಕ್ಕೆ ಹಾಕಿ.

4. ಕೇಳಿ ಕೊಳ್ಳಿ: ಗೊಬ್ಬರ ಕೊಳ್ಳುವಾಗ ಎರಡೇ ಪ್ರಶ್ನೆ. ಕಳೆದ ತಿಂಗಳು ಯಾವ ಔಷಧಿ ಕೊಟ್ಟಿರಿ? ಗುಂಪಿ ಹಾಕಿ ಎಷ್ಟು ದಿನ ಆಯಿತು? ಹತ್ತು ಮಂದಿ ಕೇಳಿದರೆ ಹನ್ನೊಂದನೆಯವನಿಗೆ ಮಾರುವವನೇ ಹೇಳುತ್ತಾನೆ.

5. ಬಾವು ಬರದಂತೆ ನೋಡುವುದು: ಹಿಂಡುವ ಮೊದಲು ಕೆಚ್ಚಲು, ಕೈ ತೊಳೆಯುವುದು, ನೆಲ ಒಣಗಿರುವಂತೆ ನೋಡುವುದು, ಹಿಂಡಿದ ಮೇಲೆ ಸ್ವಲ್ಪ ಹೊತ್ತು ಎಮ್ಮೆ ಮಲಗದಂತೆ ಮೇವು ಹಾಕುವುದು. ಸೂಜಿ ಕಡಿಮೆಯಾದರೆ ಉಳಿದದ್ದೆಲ್ಲ ಕಡಿಮೆ. ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ಕೊಡಿಸಿ, ಅರ್ಧಕ್ಕೆ ಬಿಡಬೇಡಿ. ಉಳಿದ ಬಾಟಲಿಯಿಂದ ನೀವೇ ಡಾಕ್ಟರಿಕೆ ಮಾಡಬೇಡಿ.

ಬುಟ್ಟಿಯ ಪರೀಕ್ಷೆ

ಹೊಸ ಗೊಬ್ಬರ ತಂದಾಗ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ವಿಜ್ಞಾನಿಗಳೂ ಇದನ್ನೇ ಮಾಡುತ್ತಾರೆ. ಅಗಲ ಬುಟ್ಟಿಯ ನಡುವೆ ರಟ್ಟು ನಿಲ್ಲಿಸಿ. ಒಂದು ಕಡೆ ನಿಮ್ಮ ಹಳೆಯ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದು ಕಡೆ ಹೊಸ ಗೊಬ್ಬರ ಅಷ್ಟೇ ಬೆರೆಸಿದ ಮಣ್ಣು. ಎರಡಕ್ಕೂ ಒಂದೇ ಹದದ ತೇವ. ರಟ್ಟು ತೆಗೆದು, ನಡುಗೆರೆಯ ಮೇಲೆ 10 ಹುಳ ಬಿಟ್ಟು, ಹುಳ ಹೊರಬರದಂತೆ ಗಾಳಿಯಾಡುವ ಬಟ್ಟೆ ಕಟ್ಟಿ ನೆರಳಿನಲ್ಲಿಡಿ. 48 ತಾಸಿನ ಮೇಲೆ ರಟ್ಟು ಮತ್ತೆ ನಡುವೆ ಇಳಿಸಿ ಎರಡೂ ಕಡೆ ಎಣಿಸಿ. ಹೊಸ ಗೊಬ್ಬರದ ಕಡೆ ಒಂದೋ ಎರಡೋ ಉಳಿದಿದ್ದರೆ ಅದು ತೊಟ್ಟಿಗೆ ಹಾಕುವ ಗೊಬ್ಬರವಲ್ಲ. ಕಾರಣ ಬಿಸಿ ಇರಬಹುದು, ಉಪ್ಪು ಇರಬಹುದು, ಔಷಧಿ ಇರಬಹುದು. ಮತ್ತೆ ಗುಂಪಿ ಹಾಕಿ ಕಾಯಿಸಿ.

ಆದರೆ ಎರಡೂ ಕಡೆ ಐದೈದು ಹುಳ ಇದ್ದವು ಎಂದು ಆಂಟಿಬಯಾಟಿಕ್ ಇಲ್ಲವೆಂದು ತಿಳಿಯಬೇಡಿ. ಹುಳ ‘ಬೇಡ’ ಎಂದರೆ ಆ ಮಾತು ಕೇಳಬೇಕು. ‘ಅಡ್ಡಿಯಿಲ್ಲ’ ಎಂದರೆ, ಗೊಬ್ಬರ ಕೊಟ್ಟವರನ್ನು ಇನ್ನೊಮ್ಮೆ ಕೇಳಬೇಕು. ದನಕ್ಕೆ ಏನು ಕೊಟ್ಟಿದ್ದರು ಎಂಬುದು ಹುಳಕ್ಕೆ ಗೊತ್ತಿಲ್ಲ, ದನದ ಮಾಲಕರಿಗೆ ಗೊತ್ತಿದೆ.